ಬಾವಲಿಯ ವಿದ್ಯೆ

ಬಾವಲಿಯು ಮನೆಯನ್ನು ಹೊಕ್ಕರೆ ಅಪಶಕುನವೆಂದು ಶಾಂತಿ ಮಾಡಿಸುವವರು ನಮ್ಮಲ್ಲಿ ಇಂದಿಗೂ ಉಂಟು. ಆದರೆ ರೇಡಾರ್, ಸೋನಾರ್ ಯಂತ್ರಗಳನ್ನು ನಿರ್ಮಿಸುವ ವಿಜ್ಞಾನಿಗಳು ಇದೇ ಪ್ರಾಣಿಯಲ್ಲಿ ಶಿಷ್ಯವೃತ್ತಿಯನ್ನು ಕೈಕೊಂಡಿರುವರು.

ಕಣ್ಣಿಲ್ಲದೆಯೂ ಬಾವಲಿಯು ತಡೆಗಳನ್ನು ತಪ್ಪಿಸಿ ಹಾರಬಲ್ಲದೆಂದು ಇಟಲಿಯ ಸ್ಪಾಲಾಂಜಾನಿಯು 1793ರಲ್ಲಿಯೂ, ಕಿವಿ ಮುಚ್ಚಿದರೆ ದಿಕ್ಕುಗೆಡುವುದೆಂದು ಜಿನೀವಾದ ಜ್ಯೂರಿನನು 1794ರಲ್ಲಿಯೂ ತೋರಿಸಿದ್ದರು. ಅದು ನಮ್ಮ ಕಿವಿಗೆ ನಿಲುಕದ ಕೂಗಿನ ಪ್ರತಿಧ್ವನಿಯಿಂದಲೇ ದಾರಿ ಕಾಣುವುದೆಂದು ಅಮೆರಿಕದ ಗ್ರಿಫಿನ್, ಗ್ಯಾಲಂಬಾಸ್ ಎಂಬವರು ಸ್ಥಾಪಿಸಿದ್ದು 1941ರ ಸುಮಾರಿಗೆ. ಆ ವೇಳೆಗೆ ರೇಡಾರ್ ಹುಟ್ಟಿಯೇ ಇದ್ದಿತು. ಅದು ಬಾವಲಿಯನ್ನು ನೋಡಿ ಮಾಡಿದುದಲ್ಲ.

ಆದರೂ ಉಭಯತ್ರ ತೊಡಕು ಒಂದೇ. ದೀರ್ಘವಾದ ಕೂಗು ದೂರ ಮುಟ್ಟುವುದು, ಆದರೆ ಅಕ್ಕಪಕ್ಕದ ಎರಡು ವಸ್ತುಗಳನ್ನು ಬೇರ್ಪಡಿಸಲಾರದು. ಹ್ರಸ್ವವಾದುದು ಬೇರ್ಪಡಿಸೀತು, ದೂರ ಮುಟ್ಟದು. ಒಂದೇ ಕೂಗಿನಲ್ಲಿ ಸ್ವರವನ್ನು ಜಾರಿಸಿ, ಮರಳಿದ ದನಿಯನ್ನು ಮೂಲದೊಡನೆ ಹೋಲಿಸಿದರೆ ಎರಡು ಲಾಭಗಳೂ ದೊರೆಯುವುವು. ರೇಡಾರಿನವರು ಸ್ವತಂತ್ರವಾಗಿ ಕಂಡುಕೊಂಡ ಇಂಥ ಜಾರುಸ್ವರವು ಅನೇಕ ಬಾವಲಿಗಳಿಗೆ ಹುಟ್ಟುವಿದ್ಯೆ. ಬೇಟೆಯು ಸಮೀಪಿಸಿದಂತೆ ಕೂಗುಗಳು ಸೆಕೆಂಡಿಗೆ ಇನ್ನೂರರವರೆಗೆ ಏರುವುದುಂಟು. ಎಲೆಗಳ ಗಲಭೆಯಲ್ಲಿಯೂ ಹುಳುವಿನ ಪ್ರತಿಧ್ವನಿಯನ್ನು ಆರಿಸಿಕೊಳ್ಳುವ ಮಿದುಳಿನ ತೂಕವೋ, ಒಂದು ಗ್ರಾಮಿಗೂ ಕಡಿಮೆ!

ಎಲೆಮೂಗಿನ ಬಾವಲಿಗಳ ಕ್ರಮ ಇನ್ನೂ ವಿಶೇಷವಾದುದು. ಅವು ಮೂಗಿನಿಂದ ಏಕಸ್ವರವನ್ನು ಹೊರಡಿಸಿ, ಹುಳುವಿನ ರೆಕ್ಕೆಬಡಿತವನ್ನು ಮರಳಿದ ಸ್ವರದ ಏರಿಳಿತದಿಂದ ಅರಿಯುವುವು. ಕೂಗುವಾಗ ಮೂಗಿನ ಎಲೆಯನ್ನೂ ಕಿವಿಗಳನ್ನೂ ಚಲಿಸುವುವು. ಈ ಚಲನೆಯನ್ನು ಅನುಕರಿಸುವ ಸೋನಾರುಗಳನ್ನು ಅಮೆರಿಕದ ವರ್ಜೀನಿಯಾ ಟೆಕ್ ವಿದ್ಯಾಲಯದವರು ನಿರ್ಮಿಸಿರುವರು.

ಇಂಥ ಗುರುವೊಬ್ಬನು ನಮ್ಮ ಬಾಗಿಲಲ್ಲಿಯೇ ಇರುವನು. 1994ರಲ್ಲಿ ಪ್ರತ್ಯೇಕ ಜಾತಿಯೆಂದು ಗುರುತಿಸಲ್ಪಟ್ಟ ಕೋಲಾರದ ಎಲೆಮೂಗಿನ ಬಾವಲಿಗೆ ಈಗ ತಿಳಿದಿರುವ ಆಶ್ರಯ ಹನುಮನಹಳ್ಳಿಯ ಒಂದೇ ಗುಹೆ. ಉಳಿದಿರುವುವು ಇನ್ನೂರರೊಳಗೆಂದು ಅಂದಾಜು. ಕಲ್ಲುಗಣಿಗಾರಿಕೆಯೇ ಅದಕ್ಕೆ ಮೃತ್ಯುವಾಗಿ ಪರಿಣಮಿಸಿದೆ. ರೇಡಾರುಗಳನ್ನು ರೂಪಿಸುವ ಸರ್ಕಾರಿ ಸಂಸ್ಥೆಯು 1958ರಿಂದ ಬೆಂಗಳೂರಿನಲ್ಲಿರುವಾಗ, ನೆರೆಜಿಲ್ಲೆಯ ಈ ಜೀವಂತ ಯಂತ್ರವು ಸಿಡಿಮದ್ದಿಗೆ ಬಲಿಯಾಗುವುದು ನಾಡಿಗೆ ಭೂಷಣವಲ್ಲ.

ಸಂರಕ್ಷಣೆಯ ಆಜ್ಞೆಯು ಕಾಗದದಲ್ಲಿದ್ದರೆ ಸಾಲದು. ಗುಹೆಯ ಬಾಯಲ್ಲಿ ಕಾವಲಿರಬೇಕು, ಸುತ್ತಣ ಬಂಡೆಗೆ ಉಳಿಯೇಟು ಬೀಳಬಾರದು. ನಮ್ಮ ವಿದ್ಯಾಲಯಗಳು ಈ ಜೀವಿಯ ಕೂಗನ್ನು ಸಾವಧಾನದಿಂದ ಅಭ್ಯಸಿಸಬೇಕು. ಒಡೆದ ಬಂಡೆಯ ಬೆಲೆಯನ್ನು ಯಾರಾದರೂ ಕಟ್ಟಿಯಾರು; ಅಳಿದ ವಿದ್ಯೆಗೆ ಬೆಲೆ ಕಟ್ಟುವವರಾರು? ಅಧಿಕಾರಸ್ಥರು ಇದನ್ನು ಕಾಲ ಮೀರುವ ಮುನ್ನ ಮನಗಾಣುವರೆಂದು ಆಶಿಸುವೆವು.