ಲಾಭ ಕಂಪೆನಿಗೆ, ನಷ್ಟ ಪ್ರಜೆಗೆ?

ಸಾರ್ವಜನಿಕ ಸಾರಿಗೆಯಲ್ಲಿ ಖಾಸಗಿ ಸಹಭಾಗಿತ್ವದ ಮಾತು ಬಂದಾಗಲೆಲ್ಲ ಆಳುವವರ ಭರವಸೆ ಒಂದೇ: ಬಂಡವಾಳ ಖಾಸಗಿಯವರದು, ಸೌಲಭ್ಯ ಜನರದು, ಬೊಕ್ಕಸಕ್ಕೆ ಹೊರೆಯಿಲ್ಲ. ಈ ಭರವಸೆ ಎಷ್ಟು ಟೊಳ್ಳೆಂಬುದಕ್ಕೆ ದೆಹಲಿಯ ವಿಮಾನ ನಿಲ್ದಾಣ ಮೆಟ್ರೊ ಮಾರ್ಗವೇ ಸಾಕ್ಷಿ.

2008ರ ಒಪ್ಪಂದದಂತೆ ಸುರಂಗ, ಮೇಲ್ಸೇತುವೆಗಳನ್ನು ಕಟ್ಟಿದ್ದು ಕೇಂದ್ರ ಹಾಗೂ ದೆಹಲಿ ಸರಕಾರಗಳ ಸಮಪಾಲಿನ ದೆಹಲಿ ಮೆಟ್ರೊ ನಿಗಮ. ರೈಲು ಮತ್ತು 30 ವರ್ಷಗಳ ಸಂಚಾರದ ಹೊಣೆ ರಿಲಯನ್ಸ್ ಇನ್ಫ್ರಾಸ್ಟ್ರಕ್ಚರ್ ನೇತೃತ್ವದ ಕಂಪೆನಿಯದ್ದು. 2011ರ ಫೆಬ್ರವರಿಯಲ್ಲಿ ಆರಂಭವಾದ ಸಂಚಾರ 2012ರ ಜುಲೈಯಲ್ಲಿ ಮೇಲ್ಸೇತುವೆಯ ದೋಷಗಳಿಂದ ನಿಂತಿತು. ಅಕ್ಟೋಬರಿನಲ್ಲಿ ಕಂಪೆನಿ ಒಪ್ಪಂದ ರದ್ದತಿಯ ನೋಟೀಸು ನೀಡಿತು. ದುರಸ್ತಿಯ ಬಳಿಕ 2013ರ ಜನವರಿಯಲ್ಲಿ ರೈಲು ಮತ್ತೆ ಓಡಿತಾದರೂ ಅದೇ ವರ್ಷದ ಜುಲೈ 1ರಿಂದ ಮಾರ್ಗದ ಪೂರ್ಣ ಹೊಣೆ ನಿಗಮದ ಹೆಗಲೇರಿತು.

2017ರಲ್ಲಿ ಮಧ್ಯಸ್ಥಿಕೆ ನ್ಯಾಯಮಂಡಳಿಯು ಕಂಪೆನಿಗೆ ಸುಮಾರು 2,782 ಕೋಟಿ ರೂಪಾಯಿಯನ್ನೂ ಬಡ್ಡಿಯನ್ನೂ ಕೊಡಬೇಕೆಂದು ತೀರ್ಪಿತ್ತಿತು. 2021ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಬಡ್ಡಿ ಬೆಳೆದು ಮೊತ್ತ 8,000 ಕೋಟಿಯ ಸಮೀಪಕ್ಕೆ ಬಂದಿದ್ದಾಗ, 2024ರ ಎಪ್ರಿಲ್ 10ರಂದು ಅದೇ ನ್ಯಾಯಾಲಯವು ನಿಗಮದ ಕ್ಯುರೇಟಿವ್ ಅರ್ಜಿಯನ್ನು ಪುರಸ್ಕರಿಸಿ ಆ ತೀರ್ಪನ್ನು ರದ್ದುಗೊಳಿಸಿತು. ಪಾವತಿಯಾದ ಹಣ ಹಿಂದಿರುಗಬೇಕೆಂದಿತು.

ನ್ಯಾಯ ದಕ್ಕಿತೆಂದು ಸಮಾಧಾನಪಡುವಂತಿಲ್ಲ. ಎಲ್ಲ ಬಾಗಿಲುಗಳೂ ಮುಚ್ಚಿದ ಮೇಲೆ ಉಳಿಯುವ, ತೀರಾ ಅಪರೂಪಕ್ಕೆ ತೆರೆಯುವ ಬಾಗಿಲು ಕ್ಯುರೇಟಿವ್ ಅರ್ಜಿ. ಸಾರ್ವಜನಿಕರ ಹಣ ಅಂತಹ ಬಾಗಿಲನ್ನು ನಂಬಿ ಕೂರಬೇಕೇ? ಸೇತುವೆಯ ಕಾಮಗಾರಿ ನಿಗಮದ್ದೇ ಆಗಿತ್ತೆಂಬುದನ್ನು ಮರೆಮಾಚುವುದು ಪ್ರಾಮಾಣಿಕತೆಯಲ್ಲ. ಆದರೆ ತಪ್ಪು ಯಾರದೇ ಇರಲಿ, ಕಂಪೆನಿಗೆ ನಿರ್ಗಮನದ ದಾರಿಯಿತ್ತು. ಸರಕಾರಕ್ಕೆ ಅದಿರಲಿಲ್ಲ. ರೈಲನ್ನು ನಡುದಾರಿಯಲ್ಲಿ ಕೈಬಿಡಲು ಯಾವ ಸರಕಾರಕ್ಕೂ ಸಾಧ್ಯವಿಲ್ಲ. ಈ ಅಸಮಾನತೆಯನ್ನು ಮರೆತು ಬರೆದ ಒಪ್ಪಂದದಲ್ಲಿ ನಷ್ಟ ಕೊನೆಗೆ ಪ್ರಜೆಯ ಬಾಗಿಲಿಗೇ ಬಂದು ನಿಲ್ಲುತ್ತದೆ.

ತೆರಿಗೆದಾರನೆಂದರೆ ಆದಾಯ ತೆರಿಗೆ ಕಟ್ಟುವವನು ಮಾತ್ರವಲ್ಲ. ಸಾಬೂನು, ಚಪ್ಪಲಿ ಕೊಳ್ಳುವ ಕೂಲಿಕಾರ್ಮಿಕನೂ ತೆರಿಗೆ ತೆರುತ್ತಾನೆ. ವಿಮಾನವನ್ನೇ ಹತ್ತದ ಅವನು ವಿಮಾನ ನಿಲ್ದಾಣದ ರೈಲಿನ ನಷ್ಟಕ್ಕೆ ಪಾಲುದಾರನಾಗುವುದು ಯಾವ ನ್ಯಾಯ?

ಖಾಸಗಿ ಬಂಡವಾಳಕ್ಕೆ ನಾವು ವಿರೋಧಿಗಳಲ್ಲ. ಆದರೆ ಸಹಿ ಬೀಳುವ ಮೊದಲೇ ಒಪ್ಪಂದ ಶಾಸನಸಭೆಯ ಮುಂದೆ ಬರಲಿ. ಪ್ರಯಾಣಿಕರು ಕಡಿಮೆಯಾದರೆ ಯಾರು ಭರಿಸಬೇಕು, ಕಂಪೆನಿ ಹೊರನಡೆದರೆ ಎಷ್ಟು ತೆರಬೇಕು ಎಂಬುದು ಜನರಿಗೆ ತಿಳಿಯಲಿ. ಲಾಭದಲ್ಲಿ ಪಾಲು ಕೇಳುವವರು ನಷ್ಟದಲ್ಲೂ ಹೆಗಲು ಕೊಡಲಿ. ಇಲ್ಲವಾದರೆ ಸಹಭಾಗಿತ್ವ ಎಂಬ ಪದಕ್ಕೆ ಅರ್ಥವೇ ಇಲ್ಲ.