ಕಥೆಗಾರನ ಅನ್ನ

ಕಥೆ ಬರೆಯುವ ಹಂಬಲವುಳ್ಳ ತರುಣರು ಮೊದಲು ಕೇಳುವುದು, “ಇದರಿಂದ ಹೊಟ್ಟೆ ತುಂಬೀತೇ?” ಎಂದು. ತುಂಬದು ಎಂದು ನೇರವಾಗಿ ಹೇಳಿಬಿಡುವುದೇ ಹಿತ.

ನಮ್ಮ ಮಾಲೂರು ತಾಲ್ಲೂಕಿನ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರನ್ನೇ ನೋಡೋಣ. 1920ರಲ್ಲಿ ಅವರ ಪ್ರಥಮ ಕಥಾಸಂಕಲನ ಹೊರಬಂದಾಗ ಅವರು ಮೈಸೂರು ಸಂಸ್ಥಾನದ ಅಧಿಕಾರಿಗಳಾಗಿದ್ದರು. ಅನ್ನಕ್ಕೆ ಸಂಬಳವಿದ್ದುದರಿಂದ ಲೇಖನಿ ಯಾರ ಮುಲಾಜಿಗೂ ಒಳಗಾಗಲಿಲ್ಲ. 1943ರಲ್ಲಿ ಹುದ್ದೆ ತೊರೆದ ಮೇಲೆ ‘ಜೀವನ’ ಮಾಸಪತ್ರಿಕೆಯ ಹೊಣೆಯನ್ನೂ ಹೊತ್ತರು. ಜ್ಞಾನಪೀಠ ಬಂದುದು 1983ರಲ್ಲಿ, ಮೊದಲ ಸಂಕಲನದ ಅರುವತ್ತಮೂರು ವರ್ಷಗಳ ತರುವಾಯ! ಮನ್ನಣೆಗಾಗಿ ಕಾದು ಕುಳಿತವರು ಇಷ್ಟು ಕಾಲ ಬರೆದಾರೆಯೇ?

ಅವರ ಕಲೆಯ ಗುಟ್ಟು ಒಬ್ಬರ ಮುಂದೆ ಕುಳಿತು ಹೇಳುವ ಸರಳ ಧಾಟಿಯಲ್ಲಿದೆ. ಬರೆದುದನ್ನು ಮನೆಯವರಿಗೆ ಗಟ್ಟಿಯಾಗಿ ಓದಿ ಹೇಳಿರಿ. ಕೇಳುವವರು ಆಕಳಿಸಿದ ಕಡೆಯಲ್ಲಿ ತಿದ್ದಿರಿ.

ಆದರೆ ಅಧಿಕಾರಿಯ ಸಂಬಳ ಎಲ್ಲರಿಗೂ ಎಲ್ಲಿಯದು? ಶ್ರೀನಿವಾಸಪುರದ ಮಾವಿನ ತೋಪಿನಲ್ಲಿ ಕೂಲಿ ಮಾಡುವವರ ಮಗನಿಗೆ, ಮುಳಬಾಗಿಲಿನ ಹೊಲದಲ್ಲಿ ಟೊಮ್ಯಾಟೊ ಬಿಡಿಸುವ ಹುಡುಗಿಗೆ ಮಾಸ್ತಿಯವರ ಆದರ್ಶವನ್ನಷ್ಟೇ ಬೋಧಿಸುವುದು ನ್ಯಾಯವಲ್ಲ. ಕನ್ನಡ ಪುಸ್ತಕ ಪ್ರಾಧಿಕಾರವು ಯುವ ಬರಹಗಾರರ ಚೊಚ್ಚಲ ಕೃತಿಗಳಿಗೆ ಪ್ರೋತ್ಸಾಹಧನ ನೀಡುವ ಯೋಜನೆಯನ್ನು ರೂಪಿಸಿದೆ. ಅದು ಅಚ್ಚಿನ ವೆಚ್ಚಕ್ಕೆ ಆಸರೆಯಾದೀತು, ಅನ್ನಕ್ಕಲ್ಲ. ಅಚ್ಚಾದ ಪುಸ್ತಕವನ್ನು ಕೊಳ್ಳುವವರಾದರೂ ಬೇಡವೇ? ಶಾಲೆಗಳ ವಾರ್ಷಿಕೋತ್ಸವಗಳಲ್ಲಿ ಬಹುಮಾನವೆಂದು ಸ್ಟೀಲಿನ ಲೋಟ ಹಂಚುವ ಪದ್ಧತಿ ಇಂದಿಗೂ ಇದೆ. (ನಮ್ಮ ಮನೆಯಲ್ಲೇ ಅಂಥವು ಆರಿವೆ.) ಆ ಹಣದಲ್ಲಿ ಜಿಲ್ಲೆಯ ಹೊಸ ಕಥೆಗಾರರ ಪುಸ್ತಕಗಳನ್ನು ಪೂರ್ಣ ಬೆಲೆ ಕೊಟ್ಟು ಕೊಂಡು ಮಕ್ಕಳ ಕೈಗಿಡಬಹುದು. ಮುಂದಿನ ವರ್ಷದಿಂದಲೇ ಇದನ್ನು ಆರಂಭಿಸಬೇಕೆಂದು ಶಾಲೆಯ ಹಿರಿಯರಲ್ಲಿ ವಿನಂತಿಸುತ್ತೇನೆ.