ಹೂವಿನ ಹಬ್ಬಕ್ಕೆ ಲೆಕ್ಕ ಕೇಳಬಾರದೇ?

ಗಣರಾಜ್ಯೋತ್ಸವದ ಆಸುಪಾಸಿನಲ್ಲಿ ಮಂಡ್ಯದಲ್ಲಿ ತೋಟಗಾರಿಕೆ ಇಲಾಖೆಯ ಫಲಪುಷ್ಪ ಪ್ರದರ್ಶನ ನಡೆಯುವುದು ವಾಡಿಕೆ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲಗಳಿಂದ ಜನ ಮಕ್ಕಳುಮರಿಯೊಡನೆ ಬಂದು ಕಣ್ತುಂಬ ನೋಡಿ ಹೋಗುತ್ತಾರೆ. ಬಯಲುಸೀಮೆಯ ಈ ಸಂಭ್ರಮದಲ್ಲಿ ಮಲೆನಾಡಿನ ಪರಿಸರವಾದಿಗಳಿಗೇನು ಕೆಲಸ ಎಂದು ಕೇಳುವ ಮಿತ್ರರಿದ್ದಾರೆ. ಮೂಡಿಗೆರೆಯ ಸೀಮೆಯಲ್ಲಿ ಹುಟ್ಟಿದ ಹೇಮಾವತಿಯೂ ಕೊಡಗಿನಲ್ಲಿ ಹುಟ್ಟಿದ ಕಾವೇರಿಯೂ ಕೂಡುವುದು ಕನ್ನಂಬಾಡಿಯ ಹಿನ್ನೀರಿನಲ್ಲಿ. ನಾಡಿನ ಅತಿ ಪ್ರಸಿದ್ಧ ಪ್ರದರ್ಶನೋದ್ಯಾನ ಇರುವುದು ಆ ಕಟ್ಟೆಯ ಬುಡದಲ್ಲಿ. ಅಲ್ಲದೆ ನಗರಗಳ ಹೂಕುಂಡಗಳಿಗೆ ಎಲೆಗೊಬ್ಬರ, ಜರೀಗಿಡ, ಮರದ ಮೈಯಿಂದ ಕಿತ್ತ ಸೀತಾಳೆದಂಡೆಗಳು ಸಾಗಿಹೋಗುವುದು ನಮ್ಮ ಕಾಡುಗಳಿಂದಲೇ. ಆದ್ದರಿಂದ ಲೆಕ್ಕ ಕೇಳುವ ಹಕ್ಕು ನಮಗಿದೆ.

ಉದ್ಯಾನಪ್ರೀತಿ ಈ ನೆಲಕ್ಕೆ ಹೊಸತಲ್ಲ. ಶ್ರೀರಂಗಪಟ್ಟಣದ ದರಿಯಾದೌಲತ್ ತೋಟ 1784ರ ಕಾಲದ್ದು. ಪಕ್ಕದ ಗಂಜಾಮಿನ ಅಂಜೂರಕ್ಕೆ ಒಂದು ಕಾಲಕ್ಕೆ ದೂರದೂರುಗಳಲ್ಲಿ ಹೆಸರಿತ್ತು. 1927ರಿಂದ 1932ರ ಅವಧಿಯಲ್ಲಿ ದಿವಾನ್ ಮಿರ್ಜಾ ಇಸ್ಮಾಯಿಲರ ಆಸಕ್ತಿಯಿಂದ ಬೃಂದಾವನ ರೂಪುಗೊಂಡಿತು. ಸುಮಾರು 60 ಎಕರೆ, ಕಾಶ್ಮೀರದ ಶಾಲಿಮಾರ್ ತೋಟದ ಮಾದರಿ, ಕಟ್ಟೆಯ ಕೆಳಗಿನ ಇಳಿಜಾರನ್ನೇ ಬಳಸಿಕೊಂಡ ಮೆಟ್ಟಿಲು ಮೆಟ್ಟಿಲಿನ ವಿನ್ಯಾಸ. ಅದರಲ್ಲಿ ಆಡಂಬರವಿತ್ತು, ನಿಜ. ಆದರೆ ಬೇರೂರಿದ ಗಿಡಗಳ ಆಡಂಬರ ಅದು, ಮರುದಿನವೂ ಬದುಕಿರುತ್ತಿತ್ತು.

ಇಂದಿನ ಪ್ರದರ್ಶನಗಳ ನಡುಮಂಟಪದಲ್ಲಿ ನಿಲ್ಲುವುದು ಗಿಡವಲ್ಲ, ಕತ್ತರಿಸಿದ ಹೂವು. ಲಾಲ್‌ಬಾಗ್ 2022ರ ಆಗಸ್ಟ್‌ನಲ್ಲಿ ರಾಜ್‌ಕುಮಾರ್ ಮತ್ತು ಪುನೀತ್ ಅವರನ್ನು, 2024ರ ಜನವರಿಯಲ್ಲಿ ಬಸವಣ್ಣನವರನ್ನು, 2025ರ ಜನವರಿಯಲ್ಲಿ ವಾಲ್ಮೀಕಿಯನ್ನು ವಸ್ತುವಾಗಿಟ್ಟುಕೊಂಡು ಪ್ರದರ್ಶನ ನಡೆಸಿತು. ಬೆಂಗಳೂರು ಹಾಕಿದ ಮೇಲ್ಪಂಕ್ತಿಯನ್ನು ಜಿಲ್ಲೆಗಳು ಅನುಸರಿಸುತ್ತವೆ. (ಸ್ಥಾವರಕ್ಕಳಿವುಂಟೆಂದ ಬಸವಣ್ಣನವರಿಗೆ ಹೂವಿನ ಸ್ಥಾವರ ಕಟ್ಟಿದ ನಮ್ಮ ಚಾತುರ್ಯಕ್ಕೆ ಏನೆನ್ನೋಣ!) ಇಂತಹ ಆಕೃತಿಗಳಲ್ಲಿ ಹೂವು ಬಾಡದಂತೆ ಚುಚ್ಚಿಡಲು ಸಾಮಾನ್ಯವಾಗಿ ಬಳಸುವುದು ಹೂಗಾರರು ಓಯಸಿಸ್ ಎನ್ನುವ ಹಸಿರು ಸ್ಪಂಜನ್ನು. ಅದು ಫಿನಾಲ್ ಮತ್ತು ಫಾರ್ಮಾಲ್ಡಿಹೈಡ್‌ಗಳಿಂದ ತಯಾರಾದ ಪ್ಲಾಸ್ಟಿಕ್. ಬೆರಳಲ್ಲಿ ಒತ್ತಿದರೆ ಹುಡಿಯಾಗುತ್ತದೆ, ಆ ಹುಡಿ ಮಣ್ಣಿನಲ್ಲಿ ಕರಗುವುದಿಲ್ಲ, ಚರಂಡಿ ಹಿಡಿದು ಕೆರೆ ಸೇರುತ್ತದೆ. 1913ರಿಂದ ಚೆಲ್ಸಿ ಪ್ರದರ್ಶನ ನಡೆಸುತ್ತಿರುವ ಇಂಗ್ಲೆಂಡಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿಯೇ 2021ರಿಂದ ತನ್ನ ಪ್ರದರ್ಶನಗಳಲ್ಲಿ ಇದನ್ನು ನಿಷೇಧಿಸಿದೆ. ಅಲ್ಲಿಂದ ಪುಷ್ಪಪ್ರದರ್ಶನದ ಚಟವನ್ನು ಎರವಲು ತಂದ ನಮಗೆ ಅದರ ವಿವೇಕ ಮಾತ್ರ ಬೇಡವಾಯಿತೇ?

ಇನ್ನು ಸ್ಪರ್ಧಿಗಳ ಪಾಡು. ಬೀಜ ಬಿತ್ತುವ ದಿನದಿಂದ ತೀರ್ಪುಗಾರರು ಬರುವ ಬೆಳಗಿನವರೆಗೆ ಅವರದು ಪಂಚಾಂಗದೊಡನೆ ಹೋರಾಟ. ಪೆಟೂನಿಯಾ, ಸಾಲ್ವಿಯಾಗಳನ್ನು ಜನವರಿಗೆ ಅರಳಿಸಬೇಕಾದರೆ ಅಕ್ಟೋಬರ್ ಸುಮಾರಿಗೆ ಮಡಿಯಲ್ಲಿ ಬೀಜ ಬಿದ್ದಿರಬೇಕು. ಅದೇ ಹೊತ್ತಿಗೆ ಹಿಂಗಾರು ಜಡಿದರೆ ಸಸಿಯ ಬುಡ ಕೊಳೆಯುತ್ತದೆ. ಸೇವಂತಿಗೆ ನೀಳ ಇರುಳುಗಳನ್ನು ಕಂಡು ಮೊಗ್ಗೊಡೆಯುವ ಗಿಡ. ಅದನ್ನು ತಡೆದು ನಿಲ್ಲಿಸಲು ಉಳ್ಳವರು ರಾತ್ರಿ ವಿದ್ಯುದ್ದೀಪ ಹಚ್ಚಿ ಗಿಡಕ್ಕೆ ಹಗಲಿನ ಭ್ರಮೆ ಹುಟ್ಟಿಸುತ್ತಾರೆ. ಪಂಪ್‌ಸೆಟ್ಟಿಗೇ ಸರಿಯಾಗಿ ಕರೆಂಟು ಕಾಣದ ನಾಗಮಂಗಲದ ರೈತ ಮಹಿಳೆ ಹೀಗೆ ಮಾಡಬಲ್ಲಳೇ? ಬೆಳೆದದ್ದಾಯಿತೆಂದರೂ ಕುಂಡಗಳನ್ನು ಟೆಂಪೋದಲ್ಲಿ ಹೇರಿಕೊಂಡು ಮಂಡ್ಯ ತಲುಪುವಷ್ಟರಲ್ಲಿ ಅರ್ಧ ದಳ ಉದುರಿರುತ್ತವೆ. ಬಾಡಿಗೆ ಅವಳದೇ. ಪಕ್ಕದಲ್ಲಿ ಯಾವುದೋ ನರ್ಸರಿಯಿಂದ ಮೊನ್ನೆ ತಂದಿಟ್ಟ ಸಾಲುಕುಂಡಗಳು ಮಿರುಗುತ್ತಿದ್ದರೆ ಕಣ್ಣು ಹಾಯುವುದು ಅತ್ತಲೇ. ಸ್ಪರ್ಧಿಯು ನಿಗದಿತ ಕಾಲ ತನ್ನ ಅಂಗಳದಲ್ಲೇ ಸಾಕಿದ ಗಿಡವನ್ನಷ್ಟೇ ಸ್ಪರ್ಧೆಗೆ ಇಡಬೇಕೆಂಬ ನಿಯಮ ಕಟ್ಟುನಿಟ್ಟಾಗಿ ಜಾರಿಯಾದರೆ ಬಹುಮಾನದ ಪಟ್ಟಿಯ ಮುಖಚರ್ಯೆಯೇ ಬದಲಾದೀತು.

ಹೊಳೆಯುವ ಹೊಸ ಗಿಡಗಳ ಬಗ್ಗೆ ಮತ್ತೊಂದು ಮಾತು. ಇಂದು ನಾಡಿನ ಗುಡ್ಡಕಾಡುಗಳನ್ನೆಲ್ಲ ಮುತ್ತಿರುವ ಲಂಟಾನ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಅಲಂಕಾರದ ಗಿಡವಾಗಿ ಬಂದದ್ದು. ಕೆರೆ ಕಾಲುವೆಗಳ ಉಸಿರುಗಟ್ಟಿಸಿರುವ ನೀಲಿ ಹೂವಿನ ಜಲಕಳೆ ಬಂದದ್ದೂ ಚೆಲುವಿನ ಹೆಸರಿನಲ್ಲೇ. ಬಂಡೀಪುರ, ನಾಗರಹೊಳೆಗಳಿಗೆ ತಲೆನೋವಾಗಿರುವ ಹಳದಿ ಹೂವಿನ ಸೆನ್ನ ಕೂಡ ಅದೇ ಕುಲ. ಬಹುಮಾನದ ಮೇಜಿನ ಮೇಲಿರುವ ಹೊಸ ಗಿಡ ಮುಂದೆ ಏನಾದೀತೆಂದು ತೀರ್ಪುಗಾರರ ಅಂಕಪಟ್ಟಿಯಲ್ಲಿ ಒಂದು ಕಲಮಾದರೂ ಇರಬೇಡವೇ?

ಇವೆಲ್ಲ ಚಿಲ್ಲರೆ ಲೆಕ್ಕವೆನ್ನುವವರು ಕನ್ನಂಬಾಡಿಯ ಕಡೆ ನೋಡಲಿ. ಬೃಂದಾವನವನ್ನು ವಿಶ್ವದರ್ಜೆಗೆ ಏರಿಸಲು ಸುಮಾರು 2,663 ಕೋಟಿ ರೂಪಾಯಿಗಳ ಯೋಜನೆಗೆ, ಖಾಸಗಿ ಸಹಭಾಗಿತ್ವದಲ್ಲಿ, 2024ರಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆ ನೀಡಿತು. ಅದರ ಹಿಂದಿನ ವರ್ಷ, 2023ರಲ್ಲಿ, ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಇದೇ ಸರ್ಕಾರ ಘೋಷಿಸಿತ್ತು, 124.80 ಅಡಿಯ ಜಲಾಶಯದ ಮಟ್ಟ 100 ಅಡಿಗಿಂತ ಕೆಳಗಿಳಿದು ಮಂಡ್ಯದ ರೈತರು ಬೀದಿಗಿಳಿದಿದ್ದರು. ಉದ್ಯಾನ ಕುಡಿಯುವ ನೀರು ನಾಲೆಗಳ ನೀರಿನ ಮುಂದೆ ಅತ್ಯಲ್ಪವೆಂಬುದನ್ನು ಒಪ್ಪೋಣ. ನಮ್ಮ ತಕರಾರು ಆ ನೀರಿನ ಬಗ್ಗೆ ಅಲ್ಲ. 2024ರ ಜನವರಿಯಲ್ಲಿ ರಾಜ್ಯ ಉಚ್ಚ ನ್ಯಾಯಾಲಯ ಕಟ್ಟೆಯ ಸುತ್ತ 20 ಕಿ.ಮೀ. ವ್ಯಾಪ್ತಿಯಲ್ಲಿ ಗಣಿಗಾರಿಕೆಗೆ ತಡೆ ನೀಡಬೇಕಾಗಿ ಬಂತು. ಪಾಂಡವಪುರದ ಬೇಬಿ ಬೆಟ್ಟದ ಸ್ಫೋಟಗಳ ವಿರುದ್ಧ ರೈತ ಸಂಘಟನೆಗಳು ವರ್ಷಗಟ್ಟಲೆ ಕೂಗಿದ್ದವು. ಬಂಡೆ ಸಿಡಿಸಿದರೆ ಕಟ್ಟೆಗೆ ಅಪಾಯವೆಂಬ ಆತಂಕವಿರುವ ನೆಲದಲ್ಲಿ, ಅದೇ ಕಟ್ಟೆಯ ಬುಡಕ್ಕೆ ಲಕ್ಷೋಪಲಕ್ಷ ಜನರನ್ನೂ ಕಾಂಕ್ರೀಟಿನ ವಿನೋದಗಳನ್ನೂ ತಂದು ಸುರಿಯುವುದು ಯಾವ ಜಾಣತನ? ಕೂಗಳತೆಯ ದೂರದಲ್ಲೇ ಎನ್ನಬಹುದಾದ ರಂಗನತಿಟ್ಟು 2022ರಲ್ಲಿ ರಾಮ್‌ಸಾರ್ ಪಟ್ಟಿಗೆ ಸೇರಿದೆ. ಅಲ್ಲಿನ ಕೊಕ್ಕರೆಗಳಿಗೆ ರಾತ್ರಿಯ ಕತ್ತಲೆ ಬೇಕು. ವಿನೋದೋದ್ಯಾನಕ್ಕೆ ರಾತ್ರಿಯೇ ವ್ಯಾಪಾರದ ಹೊತ್ತು.

ಹೂವಿಗೆ ನಾವು ಹಗೆಗಳಲ್ಲ. ಮಾರುಕಟ್ಟೆ ಕುಸಿದಾಗ ಚೆಂಡುಹೂವನ್ನು ರಸ್ತೆಬದಿಗೆ ಸುರಿದು ಮನೆಗೆ ಮರಳುವ ರೈತನ ನೋವನ್ನು ಬಲ್ಲವರು ಹಾಗೆ ಇರಲಾರರು. ನಮ್ಮ ಬೇಡಿಕೆ ಇಷ್ಟು: ಮುಂದಿನ ಮಂಡ್ಯ ಪ್ರದರ್ಶನದಲ್ಲಿ ಓಯಸಿಸ್ ಇಲ್ಲದಿರಲಿ. ಕಾಡಿನಿಂದ ಕಿತ್ತ ಆರ್ಕಿಡ್‌ಗೆ ಪ್ರವೇಶವಿಲ್ಲವೆಂದು ಅರ್ಜಿಯಲ್ಲೇ ಅಚ್ಚಾಗಲಿ. ದೂರದ ತಾಲ್ಲೂಕಿನ ಸ್ಪರ್ಧಿಗಳಿಗೆ ಸಾಗಾಟದ ವೆಚ್ಚ ಇಲಾಖೆಯೇ ಭರಿಸಲಿ. ಮಳೆಯಾಶ್ರಿತ ಹಿತ್ತಿಲಿಗೆ, ನಾಟಿ ಅವರೆ ಮತ್ತು ಬದನೆಯ ಬೀಜ ಉಳಿಸಿದವರಿಗೆ ಪ್ರತ್ಯೇಕ ವಿಭಾಗ ತೆರೆದು, ಅದನ್ನು ಮೂಲೆಗೆ ತಳ್ಳದೆ ಹೂವಿನ ಮಂಟಪ ನಿಲ್ಲುವ ನಡುಜಾಗದಲ್ಲೇ ಇಡಲಿ. ಬೃಂದಾವನದ ಯೋಜನೆಯ ಸಮಗ್ರ ವರದಿಯನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಶ್ರೀರಂಗಪಟ್ಟಣ ಮತ್ತು ಪಾಂಡವಪುರದ ಪ್ರತಿ ಗ್ರಾಮ ಪಂಚಾಯಿತಿಗೂ ಕಳುಹಿಸಲಿ. ಗ್ರಾಮಸಭೆಗಳು ಚರ್ಚಿಸಿ ಉತ್ತರ ಕೊಡುವವರೆಗೆ ಅಲ್ಲಿ ಒಂದು ಗುದ್ದಲಿಯೂ ಏಳಬಾರದು.